ನರ್ಸಮ್ಮ ಬರೆದ ಎಂಟು ಸುಳ್ಳು

ತಿಪ್ಪಸಂದ್ರದ ಸುತ್ತಮುತ್ತ ಮೂವತ್ತೈದು ದಾಟದ ಯಾರನ್ನೇ ಹಿಡಿದು ಎಡತೋಳು ನೋಡಿದರೂ ಅಲ್ಲೊಂದು ಸಣ್ಣ ಗುಳಿ ಕಾಣುತ್ತದೆ. ಅದು ಬಿಸಿಜಿ ಚುಚ್ಚಿದ ಗುರುತು. ಚುಚ್ಚಿದವಳು ಉಮಾಮಹೇಶ್ವರಿ. ಇಪ್ಪತ್ತೈದರ ವಯಸ್ಸಿಗೆ ದೊಡ್ಡಆಲಹಳ್ಳಿಯಿಂದ ಈ ಊರಿನ ಆರೋಗ್ಯ ಉಪಕೇಂದ್ರಕ್ಕೆ ಕೆಲಸಕ್ಕೆ ಬಂದವಳು, ಅರವತ್ತಕ್ಕೆ ನಿವೃತ್ತಳಾಗುವವರೆಗೂ ಅತ್ತಿತ್ತ ಹೋಗಲಿಲ್ಲ. ಜನ ಅವಳ ಹೆಸರನ್ನು ಯಾವತ್ತೋ ಮರೆತು ನರ್ಸಮ್ಮ ಅಂತಲೇ ಕರೆಯುತ್ತಿದ್ದರು.

ಅವಳು ಇಲ್ಲೇ ನೆಲೆನಿಂತಿದ್ದು ಗವಿಸಿದ್ದಯ್ಯನಿಂದ. ಬಸ್ ನಿಲ್ದಾಣದ ಹಿಂದೆ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಅವನಿಗೆ ಒಮ್ಮೆ ತುಕ್ಕು ಹಿಡಿದ ತಗಡು ತಗುಲಿ ಕಾಲು ಸೀಳಿತ್ತು. ಹೊಸದಾಗಿ ಬಂದಿದ್ದ ನರ್ಸಮ್ಮ ಸೂಜಿ ಹಿಡಿದುಕೊಂಡು ಗಿರಣಿಗೇ ಬಂದರೆ, ಆರಡಿ ಆಳು ಗವಿಸಿದ್ದಯ್ಯ ರಾಗಿ ಚೀಲಗಳ ಹಿಂದೆ ಅವಿತುಕೊಂಡಿದ್ದ. ಅವಳು ನಗಲಿಲ್ಲ, ಬೈಯಲಿಲ್ಲ. ಚೀಲದ ಮೇಲೆ ಕೂತು, ಈ ಊರಲ್ಲಿ ಒಳ್ಳೆ ಅವರೆಕಾಯಿ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಅವನು ಉತ್ತರ ಹೇಳುತ್ತಾ ಹೇಳುತ್ತಾ ಈಚೆ ಬಂದ. ಮಾತು ಮುಗಿಯುವಷ್ಟರಲ್ಲಿ ಇಂಜೆಕ್ಷನ್ನೂ ಮುಗಿದಿತ್ತು. ಮರುವರ್ಷ ಇಬ್ಬರಿಗೂ ಮದುವೆಯಾಯಿತು.

ಮದುವೆಯಾದ ಮೇಲೆ ಲಸಿಕೆ ದಿನಗಳಂದು ಅವನೇ ಅವಳನ್ನು ಟಿವಿಎಸ್ ಗಾಡಿಯಲ್ಲಿ ಹಟ್ಟಿ ಹಟ್ಟಿಗೆ ಕರೆದೊಯ್ಯುತ್ತಿದ್ದ. ಹಿಂದೆ ಅವಳು, ಅವಳ ತೊಡೆಯ ಮೇಲೆ ಐಸ್ ತುಂಬಿದ ಲಸಿಕೆ ಡಬ್ಬಿ. ಒಂದು ಸಲ ಸಂಜೆ ಮನೆಗೆ ಬಂದು ರಿಜಿಸ್ಟರ್ ಬರೆಯುವಾಗ ಒಂದು ಮಗುವಿನ ಲೆಕ್ಕ ಹೊಂದಲಿಲ್ಲ. ಮೇಲಿನವರು ಯಾರೂ ಕೇಳುವುದಿಲ್ಲ, ಒಂದು ಅಂಕಿ ಕೂಡಿಸಿಬಿಡು ಎಂದು ಗವಿಸಿದ್ದಯ್ಯ ಹೇಳಿದ್ದಕ್ಕೆ ಅವಳು ಅವನನ್ನು ಎಬ್ಬಿಸಿಕೊಂಡು ಹೋಗಿ, ಏಳು ಮನೆ ಸುತ್ತಿ, ಸೋದರತ್ತೆಯ ಮನೆಗೆ ಹೋಗಿದ್ದ ಆ ಕೂಸನ್ನು ಪತ್ತೆ ಹಚ್ಚಿ ಪೋಲಿಯೋ ಹನಿ ಹಾಕಿ ಬಂದ ಮೇಲೆಯೇ ಊಟ ಮಾಡಿದ್ದಳು.

ನಿವೃತ್ತಿಯಾದ ಮರುವರ್ಷ ಅವಳ ಮೂತ್ರದಲ್ಲಿ ರಕ್ತ ಕಾಣಿಸಿಕೊಂಡಿತು. ಬಲಗಡೆಯ ಕಿಡ್ನಿಯಲ್ಲಿ ಕ್ಯಾನ್ಸರ್ ಗಡ್ಡೆ. ಬೆಂಗಳೂರಿನಲ್ಲಿ ಆ ಕಿಡ್ನಿಯನ್ನೇ ತೆಗೆದರು. ಒಂದೂವರೆ ವರ್ಷ ಚೆನ್ನಾಗಿದ್ದಳು. ಆಮೇಲೆ ಶ್ವಾಸಕೋಶದಲ್ಲಿ ಮೂರು ಚುಕ್ಕೆ ಕಾಣಿಸಿದವು. ದಿನವೂ ನುಂಗುವ ಮಾತ್ರೆ ಕೊಟ್ಟರು. ಅಂಗೈ ಅಂಗಾಲು ಬೊಬ್ಬೆ ಎದ್ದು, ಲೋಟ ಹಿಡಿಯಲೂ ಆಗದೆ ಅವಳು ಒದ್ದಾಡಿದಳು. ಅಷ್ಟು ಮಾಡಿದರೂ ಚುಕ್ಕೆಗಳು ಬೆಳೆಯುತ್ತಲೇ ಇದ್ದವು.

ಆಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳನ್ನು ನೋಡುತ್ತಿದ್ದ ಡಾಕ್ಟರ್ ಉದಯಶಂಕರ್ ಒಂದು ಹೊಸ ಲಸಿಕೆಯ ಮಾತೆತ್ತಿದರು. ಅದು ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಒಪ್ಪಿಗೆ ಪತ್ರವೇ ಇಪ್ಪತ್ತು ಪುಟವಿತ್ತು. ಉಮಾಮಹೇಶ್ವರಿ ಅದನ್ನು ಮನೆಗೆ ತಂದು ಎರಡು ದಿನ ಕೂತು ಓದಿದಳು. ಮತ್ತೆ ಹೋದಾಗ ನೇರವಾಗಿ ಕೇಳಿದಳು.

“ಇದರಿಂದ ನಂಗೆ ಗುಣ ಆಯ್ತದೆ ಅಂತ ಇದರಲ್ಲಿ ಎಲ್ಲೂ ಬರೆದಿಲ್ವಲ್ಲ ಡಾಕ್ಟ್ರೇ?”

“ಬರೆದಿಲ್ಲಮ್ಮ. ಯಾಕೆ ಅಂದ್ರೆ ನಮಗೂ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳೋಕೇ ಈ ಪರೀಕ್ಷೆ.”

“ಹಂಗೆ ಹೇಳಿದ್ರಲ್ಲ, ಈಗ ಸೈನ್ ಹಾಕ್ತೀನಿ” ಎಂದಳು.

ಆ ಲಸಿಕೆ ಏನು ಮಾಡುತ್ತದೆ ಎಂದು ಅವಳು ಗವಿಸಿದ್ದಯ್ಯನಿಗೆ ಗಿರಣಿಯ ಜಗುಲಿಯ ಮೇಲೆ ಕೂತು ಬಿಡಿಸಿ ಹೇಳಿದಳು. ಊರ ಹೆಂಗಸರಿಗೆ ಹೇಳಿ ಹೇಳಿ ಅವಳಿಗೆ ಅದು ಅಭ್ಯಾಸವಾಗಿತ್ತು.

“ಮಕ್ಕಳಿಗೆ ಹಾಕ್ತಿದ್ದ ಲಸಿಕೆ ಕಾಯಿಲೆ ಬರದೆ ಇರಲಿ ಅಂತ. ಇದು ಬಂದಮೇಲೆ ಹಾಕೋದು. ನೋಡಿ, ಗಡ್ಡೆ ಬೆಳೀಬೇಕಾದ್ರೆ ಅದಕ್ಕೆ ರಕ್ತ ಬೇಕು. ಅದಕ್ಕೇ ಅದು ತನ್ನ ಕಡೆಗೆ ಹೊಸ ಹೊಸ ರಕ್ತನಾಳ ಬೆಳೆಸ್ಕೊಳ್ತದೆ. ಆ ನಾಳದ ಗೋಡೆ ಮೇಲೆ ಒಂದು ಪ್ರೋಟೀನ್ ಐತಂತೆ. ಮೈಯೊಳಗಿನ ಬೇರೆ ನಾಳದಲ್ಲಿ ಅಷ್ಟಾಗಿ ಇರಲ್ವಂತೆ. ಲಸಿಕೆ ಹಾಕಿದ್ರೆ ನಮ್ಮ ಮೈಗೆ ಆ ಪ್ರೋಟೀನ್‌ದು ಗುರುತು ಸಿಗ್ತದೆ. ಆಮೇಲೆ ನಮ್ಮ ಮೈಯೇ ಹುಡುಕ್ಕೊಂಡು ಹೋಗಿ ಆ ನಾಳಗಳನ್ನ ಹಾಳು ಮಾಡ್ತದೆ.”

“ಅಂದ್ರೆ ಗಡ್ಡೆ ತಂಟೆಗೇ ಹೋಗಲ್ಲ. ಅದರ ಊಟ ನಿಲ್ಲಿಸ್ಬುಡ್ತದೆ.”

“ಹೂಂ. ಹಂಗೇ ಅಂದ್ಕೊಳ್ಳಿ.”

“ಊಟ ನಿಲ್ಲಿಸೋದ್ರಲ್ಲಿ ನಿನ್ನ ಮುಂದೆ ಯಾವ ಲಸಿಕೆನೂ ಇಲ್ಲ ಕಣೆ. ನಂಗೆ ಶುಗರ್ ಬಂದಾಗ ಎರಡನೇ ಮುದ್ದೆ ಮುಟ್ಟಕ್ಕೆ ಬಿಟ್ಯಾ?”

ಅವಳು ಬಹಳ ದಿನಗಳ ನಂತರ ಬಾಯ್ತುಂಬ ನಕ್ಕಳು. ಅವನಿಗೆ ಅಷ್ಟೇ ಸಾಕಾಗಿತ್ತು.

ಮೂರು ವಾರಕ್ಕೊಂದು ಲಸಿಕೆ. ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ಸೇರಿದವರನ್ನೆಲ್ಲ ನೋಡಿಕೊಳ್ಳಲು ಮೆಹ್ರೀನ್ ಎಂಬ ಹುಡುಗಿ ಇದ್ದಳು. ಚನ್ನಪಟ್ಟಣದವಳು, ನರ್ಸಿಂಗ್ ಓದಿಕೊಂಡವಳು. ಯಾರಿಗೆ ಯಾವತ್ತು ಲಸಿಕೆ, ಯಾರಿಗೆ ಜ್ವರ, ಯಾರ ರಕ್ತ ತೆಗೆಯಬೇಕು ಎಲ್ಲವೂ ಅವಳ ಜವಾಬ್ದಾರಿ. ಮೊದಲ ದಿನವೇ ಅವಳು ಉಮಾಮಹೇಶ್ವರಿಗೆ ಒಂದು ಬಿಪಿ ಮೆಷಿನ್ನು, ಒಂದು ಥರ್ಮಾಮೀಟರು, ಒಂದು ದಿನಚರಿ ಪುಸ್ತಕ ಕೊಟ್ಟಳು.

“ಆಂಟಿ, ದಿನಾ ಬೆಳಗ್ಗೆ ಬಿಪಿ ನೋಡಿ ಇದರಲ್ಲಿ ಬರೀಬೇಕು. ನಾಳಗಳಿಗೆ ಸಂಬಂಧಪಟ್ಟ ಔಷಧಿ ಅಲ್ವಾ, ಬಿಪಿ ಏರೋ ಚಾನ್ಸ್ ಇದೆ. ನಿಮಗೆ ಇರೋದು ಒಂದೇ ಕಿಡ್ನಿ. ನೂರ ಅರವತ್ತು ದಾಟಿದ್ರೆ ಅವತ್ತೇ ನನಗೆ ಫೋನ್ ಮಾಡಿ.”

“ನೀನು ಹುಟ್ಟೋಕೆ ಮುಂಚೆಯಿಂದ ರಿಜಿಸ್ಟರ್ ಬರೀತಿದ್ದೀನಿ ಮಗಾ” ಅಂದಳು ಉಮಾಮಹೇಶ್ವರಿ. ಮೆಹ್ರೀನ್ ನಾಲಿಗೆ ಕಚ್ಚಿಕೊಂಡು ನಕ್ಕಳು. ಅವತ್ತಿನಿಂದ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಮೊದಲ ಲಸಿಕೆಗೆ ಎರಡು ದಿನ ಜ್ವರ ಬಂತು, ತೋಳು ಊದಿಕೊಂಡಿತು. ಎರಡನೆಯದಕ್ಕೆ ಅದೂ ಇಲ್ಲ. ಹಳೆಯ ಮಾತ್ರೆ ನಿಲ್ಲಿಸಿ ಕೈಯ ಬೊಬ್ಬೆಗಳು ಮಾಯ್ದಿದ್ದರಿಂದ ಅವಳು ಮತ್ತೆ ಅಡುಗೆಮನೆಗೆ ಇಳಿದಳು. ಕನಕಪುರದ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಅಮೂಲ್ಯ ಫೋನ್ ಮಾಡಿದರೆ “ಅಮ್ಮ ಬಸ್ಸಾರು ಮಾಡವಳೆ” ಎಂದು ಗವಿಸಿದ್ದಯ್ಯ ಹೆಮ್ಮೆಯಿಂದ ವರದಿ ಕೊಡುತ್ತಿದ್ದ.

ಎರಡನೇ ಲಸಿಕೆಯಾಗಿ ಎರಡು ವಾರ ಕಳೆದಿತ್ತು. ಒಂದು ಬೆಳಗ್ಗೆ ಕಾಫಿ ಹಿಡಿದುಕೊಂಡು ಅವನು ಕೋಣೆಗೆ ಹೋದಾಗ ಅವಳು ತೋಳಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಮೆಷಿನ್ನಿನ ಮೇಲೆ ನೂರ ಎಪ್ಪತ್ತೆರಡು ಎಂಬ ಅಂಕಿ ಅವನ ಕಣ್ಣಿಗೆ ಬಿತ್ತು. ಅವಳು ಥಟ್ಟನೆ ಗುಂಡಿ ಒತ್ತಿ ಆರಿಸಿದಳು.

“ಎಷ್ಟೈತೆ?”

“ಸರಿಯಾಗೈತೆ. ಕಾಫಿ ಕೊಡಿ.”

ಅವಳು ಸ್ನಾನಕ್ಕೆ ಹೋದಾಗ ಅವನು ದಿನಚರಿ ತೆರೆದು ನೋಡಿದ. ಅಂದಿನ ಸಾಲಿನಲ್ಲಿ ಅವಳ ದುಂಡಗಿನ ಅಕ್ಷರದಲ್ಲಿ ನೂರ ಮೂವತ್ತನಾಲ್ಕು ಎಂದಿತ್ತು. ತನ್ನ ಕಣ್ಣೇ ಮಬ್ಬಾಯಿತೇನೋ ಎಂದುಕೊಂಡ. ಮೆಷಿನ್ನಿನ ಬಲಗಡೆಯ ಗುಂಡಿ ಒತ್ತಿದರೆ ಹಿಂದೆ ನೋಡಿದ ಅಂಕಿಗಳೆಲ್ಲ ಒಂದೊಂದಾಗಿ ಬರುತ್ತವೆ ಎಂದು ಮೆಹ್ರೀನ್ ತೋರಿಸಿಕೊಟ್ಟಿದ್ದು ನೆನಪಿತ್ತು. ಒತ್ತಿದ. ನೂರ ಎಪ್ಪತ್ತೆರಡು. ನೂರ ಅರವತ್ತೊಂಬತ್ತು. ನೂರ ಎಪ್ಪತ್ತು. ಹೀಗೆ ಎಂಟು ದಿನ. ಪುಸ್ತಕದಲ್ಲಿ ಎಂಟು ದಿನವೂ ನೂರ ಮೂವತ್ತರ ಆಸುಪಾಸು.

ಅವನು ಪುಸ್ತಕವನ್ನು ಇದ್ದಂತೆಯೇ ಇಟ್ಟು ಗಿರಣಿಗೆ ಹೋದ. ಏನನ್ನು ನೋಡಿದೆ ಅನ್ನುವುದಕ್ಕಿಂತ ಯಾಕೆ ಅನ್ನುವುದು ಅವನನ್ನು ಹಿಂಡತೊಡಗಿತು. ಒಂದು ಕೂಸಿಗಾಗಿ ಏಳು ಮನೆ ಸುತ್ತಿದವಳು ಎಂಟು ಸುಳ್ಳು ಬರೆದಿದ್ದಾಳೆ ಅಂದರೆ, ನಿಜ ಹೇಳಿದರೆ ಲಸಿಕೆ ನಿಲ್ಲಿಸಿಬಿಡುತ್ತಾರೆ ಎಂದು ಹೆದರಿದ್ದಾಳೆ. ಅವಳಿಗೆ ಬದುಕಬೇಕು. ಇಷ್ಟು ದಿನ “ಆದಷ್ಟು ಆಗಲಿ ಬಿಡಿ” ಅನ್ನುತ್ತಿದ್ದವಳಿಗೆ ಒಳಗೆ ಇಷ್ಟು ಆಸೆ ಇತ್ತಲ್ಲ! ಹೇಳಿಬಿಟ್ಟರೆ ಆ ಆಸೆಯನ್ನು ತಾನೇ ಕಿತ್ತುಕೊಂಡ ಹಾಗೆ. ಹೇಳದಿದ್ದರೆ?

“ಅಯ್ಯೋ ಸಿದ್ದಯ್ಯೋರೆ, ಹಿಟ್ಟು ಸುಡ್ತಾ ಐತೆ!” ಎಂದು ರಾಗಿ ಬೀಸಿಸಲು ಬಂದಿದ್ದ ಬೈರಮ್ಮ ಕೂಗಿದಾಗಲೇ ಅವನಿಗೆ ಎಚ್ಚರ. ಕಲ್ಲು ಬಿಗಿ ಮಾಡಿದ್ದು ಹೆಚ್ಚಾಗಿ ರಾಗಿಹಿಟ್ಟು ಹೊಗೆ ವಾಸನೆ ಹೊಡೆಯುತ್ತಿತ್ತು. ಅವನು ಗಿರಣಿ ನಿಲ್ಲಿಸಿದ.

“ಬುಡಿ, ರೊಟ್ಟಿಗಾಯ್ತದೆ” ಅಂದಳು ಬೈರಮ್ಮ. “ನರ್ಸಮ್ಮ ಹೆಂಗವ್ರೆ?”

“ಅವ್ಳೆ.”

“ಬೆಂಗ್ಳೂರಲ್ಲಿ ಅವರ್ಗೇ ಸೂಜಿ ಹಾಕ್ತಾರಂತಲ್ಲ. ನಮ್ಮ ಜಯಕುಮಾರ ಕೂಸಾಗಿದ್ದಾಗ ನರ್ಸಮ್ಮ ತೊಡೆಗೆ ಚುಚ್ಚಿದ್ದು ಗಡ್ಡೆ ಕಟ್ಟಿ ಕೀವಾಗಿತ್ತು. ಪಾಪ, ಅವರಿಗೆ ಕೆಟ್ಟ ಹೆಸರು ಬತ್ತದೆ ಅಂತ ನಾನು ಬಟ್ಟೆ ಸುತ್ತಿ ಮುಚ್ಚಿಟ್ಟಿದ್ದೆ. ಗೊತ್ತಾದಾಗ ಎಂಥಾ ಬೈಗುಳ ಅಂತೀರಿ! ನನ್ನ ಹೆಸರು ಕಟ್ಕೊಂಡು ಏನ್ ಮಾಡ್ತೀಯೆ, ಮಗೀನ ಕಾಲು ಹೋದ್ರೆ ಯಾರಾದ್ರೂ ತಂದ್ಕೊಟ್ಟಾರಾ ಅಂದ್ಬುಟ್ರು. ಅವರೇ ಎತ್ಕೊಂಡು ಮಾಗಡಿ ಆಸ್ಪತ್ರೆಗೆ ಓಡುದ್ರು.”

ಬೈರಮ್ಮ ಹಿಟ್ಟು ಹೊತ್ತುಕೊಂಡು ಹೋದಳು. ಗವಿಸಿದ್ದಯ್ಯ ಗಿರಣಿಯ ಹಿಂದಿನ ಬೇವಿನ ಮರದಡಿ ನಿಂತು ಫೋನ್ ತೆಗೆದ. ಎರಡು ಸಲ ಒಳಗಿಟ್ಟ. ಮೂರನೇ ಸಲ ಮೆಹ್ರೀನ್‌ಗೆ ಫೋನ್ ಹಚ್ಚಿದ.

“ತಾಯಿ, ನಾನು ಉಮಾಮಹೇಶ್ವರಿ ಮನೆಯೋರು. ಅವಳ ಬಿಪಿ ಎಂಟು ದಿನದಿಂದ ನೂರ ಎಪ್ಪತ್ತೈತೆ ಕಣವ್ವಾ.”

ಮೆಹ್ರೀನ್ ಆ ಕಡೆಯಿಂದ ತಲೆನೋವು ಇದೆಯಾ, ಕಾಲು ಊದಿದೆಯಾ, ಕಣ್ಣು ಮಂಜಾಗಿದೆಯಾ ಎಂದು ಒಂದೊಂದೇ ಕೇಳಿದಳು. “ಅಂಕಲ್, ಈಗಲೇ ಹೊರಡಿ. ನಾನು ಡಾಕ್ಟರಿಗೆ ಹೇಳಿರ್ತೀನಿ” ಅಂದಳು.

ಫೋನ್ ಇನ್ನೂ ಕೈಯಲ್ಲೇ ಹಿಡಿದು ಅವನು ಮನೆಗೆ ಬಂದಾಗ ಉಮಾಮಹೇಶ್ವರಿ ಸೊಪ್ಪು ಬಿಡಿಸುತ್ತಿದ್ದಳು. ಅವನ ಮುಖ ನೋಡಿಯೇ ಕೈ ನಿಲ್ಲಿಸಿದಳು.

“ಯಾರಿಗೆ ಫೋನ್ ಮಾಡಿದ್ರಿ?”

“ಆ ಮಗೀಗೆ. ಮೆಹ್ರೀನ್‌ಗೆ. ನಿಜ ಹೇಳ್ಬುಟ್ಟೆ ಕಣೆ.”

ಅವಳು ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. ಅವನು ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ. ಅವಳ ದನಿ ಏರಲೇ ಇಲ್ಲ.

“ಮೂವತ್ತೈದು ವರ್ಷ ರಿಜಿಸ್ಟರ್ ಬರೆದಿದ್ದೀನಿ. ಒಂದು ಅಂಕಿ ಸುಳ್ಳು ಬರೆದೋಳಲ್ಲ. ಈಗ ಬರೆದೆ. ಯಾಕೆ ಬರೆದೆ ಅಂತ ನಿಮಗೂ ಗೊತ್ತಾಗಲಿಲ್ವಾ?”

“ಗೊತ್ತಾಯ್ತು. ಅದಕ್ಕೇ ಫೋನ್ ಮಾಡಕ್ಕೆ ಇಷ್ಟೊತ್ತಾಯ್ತು.”

“ನಿಮ್ಮ ಜೊತೆ ಇನ್ನೊಂದಷ್ಟು ದಿನ ಇರೋಣ ಅಂತ ಬರೆದೆ ಕಣ್ರೀ. ಇದೊಂದು ಬಿಟ್ರೆ ನಂಗೆ ಬೇರೆ ದಾರಿ ಇಲ್ಲ. ಅದನ್ನೂ ಮುಚ್ಚಿಸ್ಬುಟ್ರಲ್ಲ.”

ಅವನು ಅವಳ ಸೀರೆ, ಟವೆಲ್ಲು, ಮೆಷಿನ್ನು, ಪುಸ್ತಕ ಎಲ್ಲವನ್ನೂ ಚೀಲಕ್ಕೆ ತುಂಬಿದ. ಅವಳು ಚಪ್ಪಲಿ ಮೆಟ್ಟಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ತಾವರೆಕೆರೆ ದಾಟುವವರೆಗೂ ಅವನ ಕಡೆ ತಿರುಗಲಿಲ್ಲ.

ಆಸ್ಪತ್ರೆಯಲ್ಲಿ ಬಿಪಿ ನೂರ ಎಪ್ಪತ್ತಾರು ತೋರಿಸಿತು. ಮೂತ್ರ ಪರೀಕ್ಷೆಯಲ್ಲಿ, ಉಳಿದ ಒಂದು ಕಿಡ್ನಿಗೆ ತೊಂದರೆ ಶುರುವಾಗುವ ಸೂಚನೆ ಕಾಣಿಸಿತು. ಡಾಕ್ಟರ್ ಉದಯಶಂಕರ್ ವರದಿ ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು.

“ಇನ್ನೊಂದು ಹದಿನೈದು ದಿನ ಹೀಗೇ ಬಿಟ್ಟಿದ್ರೆ ಕಿಡ್ನಿ ಕೈ ಕೊಡ್ತಿತ್ತಮ್ಮ. ಈಗ ಸರಿಮಾಡಬಹುದು.”

“ನನ್ನನ್ನ ಪರೀಕ್ಷೆಯಿಂದ ತೆಗೆದು ಹಾಕ್ತೀರಾ?”

“ಯಾರು ಹೇಳಿದ್ದು? ಮುಂದಿನ ಲಸಿಕೆ ತಡ ಮಾಡ್ತೀವಿ. ಬಿಪಿಗೆ ಮಾತ್ರೆ ಕೊಡ್ತೀವಿ. ಹತೋಟಿಗೆ ಬಂದ್ರೆ ಮುಂದುವರಿಸೋಕೆ ನಿಯಮದಲ್ಲೇ ಅವಕಾಶ ಇದೆ. ನೀವು ಮೊದಲ ದಿನವೇ ಹೇಳಿದ್ದಿದ್ರೆ ಇಷ್ಟು ಹೊತ್ತಿಗೆ ಹತೋಟಿಗೆ ಬಂದಿರ್ತಿತ್ತು.”

ಇಪ್ಪತ್ತು ಪುಟದ ಪತ್ರವನ್ನು ಎರಡೆರಡು ಸಲ ಓದಿದ್ದವಳು ಆ ಒಂದು ಸಾಲನ್ನು ಹೆದರಿಕೆಯಲ್ಲಿ ಮರೆತಿದ್ದಳು. ಅವಳು ಸೆರಗಿನ ತುದಿ ಸುತ್ತುತ್ತಾ ತಲೆ ತಗ್ಗಿಸಿದಳು. ಗವಿಸಿದ್ದಯ್ಯನಿಗೆ ಅದನ್ನು ನೋಡಲಾಗಲಿಲ್ಲ. ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ ಅವಳು.

ಮೆಹ್ರೀನ್ ಅವರಿಬ್ಬರನ್ನು ಪಕ್ಕದ ಕೋಣೆಗೆ ಕರೆದೊಯ್ದು ದಿನಚರಿ ತೆರೆದಳು.

“ಆಂಟಿ, ಇದನ್ನ ಸರಿ ಮಾಡ್ಬೇಕು. ವೈಟ್ನರ್ ಹಾಕೋ ಹಾಗಿಲ್ಲ, ಗೀಚೋ ಹಾಗಿಲ್ಲ.”

“ಗೊತ್ತು ಮಗಾ” ಎಂದಳು ಉಮಾಮಹೇಶ್ವರಿ ಸಣ್ಣ ದನಿಯಲ್ಲಿ. “ತಪ್ಪು ಅಂಕಿ ಮೇಲೆ ಒಂದೇ ಗೆರೆ ಎಳೀಬೇಕು. ಕೆಳಗಿಂದು ಕಾಣ್ತಿರಬೇಕು. ಪಕ್ಕದಲ್ಲಿ ಸರಿಯಾದ್ದು ಬರೆದು, ಸೈನ್ ಹಾಕಿ, ಇವತ್ತಿನ ತಾರೀಕು.”

“ಅಷ್ಟೇ.”

ಅವಳು ಪೆನ್ನು ಹಿಡಿದಳು. ಗವಿಸಿದ್ದಯ್ಯ ಮೆಷಿನ್ನಿನ ಗುಂಡಿ ಒತ್ತುತ್ತಾ ಅಂಕಿಗಳನ್ನು ಓದಿದ. ಅವನು ಹೇಳಿದಂತೆ ಅವಳು ಒಂದೊಂದೇ ಗೆರೆ ಎಳೆದಳು. ಐದನೇ ಸಾಲಿನ ಹೊತ್ತಿಗೆ ಅವಳು ಪೆನ್ನು ಕೆಳಗಿಟ್ಟಳು. ಅವನು ಓದುವುದನ್ನು ನಿಲ್ಲಿಸಿ ಕಾದ. ಮೆಹ್ರೀನ್ ಎದ್ದು ಹೋಗಿ ನೀರು ತಂದಳು. ಎಂಟನೇ ಸಾಲಿಗೆ ಸೈನ್ ಹಾಕಿ ಅವಳು ಪೆನ್ನಿನ ಮುಚ್ಚಳ ಹಾಕಿದಳು.

“ಇಷ್ಟು ವರ್ಷದಲ್ಲಿ ಒಂದು ದಿನಾನೂ ಇಷ್ಟು ಗೆರೆ ಎಳೆದಿರಲಿಲ್ಲ” ಅಂದಳು, ಯಾರಿಗೂ ಅಲ್ಲ ಎಂಬಂತೆ.

ಅವಳು ಅವನ ಜೊತೆ ಸರಿಯಾಗಿ ಮಾತಾಡಲು ನಾಲ್ಕು ದಿನ ಹಿಡಿಯಿತು. ಊಟಕ್ಕೆ ಬಡಿಸುತ್ತಿದ್ದಳು, ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದಳು. ಅವನೂ ಮೇಲೆ ಬಿದ್ದು ಸಮಾಧಾನ ಮಾಡಲಿಲ್ಲ. ಬೆಳಗ್ಗೆ ಅವಳು ಬಿಪಿ ನೋಡುವ ಹೊತ್ತಿಗೆ ಬೇಕೆಂತಲೇ ಹಿತ್ತಲಿಗೆ ಹೋಗಿಬಿಡುತ್ತಿದ್ದ. ಕಾವಲು ಕೂತಿದ್ದಾನೆ ಎಂದು ಅವಳಿಗೆ ಅನ್ನಿಸಬಾರದಿತ್ತು. ಐದನೇ ದಿನ ಅವಳೇ ಹಿತ್ತಲ ಬಾಗಿಲಿಗೆ ಬಂದು ನಿಂತಳು.

“ಬನ್ರೀ ಒಳಗೆ. ನೂರ ನಲವತ್ತೆರಡು. ನೀವೇ ಬಂದು ನೋಡಿ.”

“ನೀನು ಹೇಳಿದ್ಮೇಲೆ ನಾನೇನು ನೋಡೋದು?”

“ನೋಡಿ ಅಂದ್ರೆ ನೋಡ್ಬೇಕು” ಎಂದು ರೇಗಿದಳು. ಆ ರೇಗಾಟ ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು.

ಮರುವಾರ ಮೆಹ್ರೀನ್ ಫೋನ್ ಮಾಡಿದಳು. ಉಮಾಮಹೇಶ್ವರಿ ಸ್ಪೀಕರ್ ಹಾಕಿ ಗಿರಣಿಯ ಜಗುಲಿಯ ಮೇಲೆ ಇಟ್ಟಳು.

“ಆಂಟಿ, ಬೇರೆಯವರ ವಿಷಯ ನಾನು ಹೇಳೋ ಹಾಗಿಲ್ಲ. ಆದ್ರೆ ಒಂದು ಹೇಳ್ತೀನಿ. ನಿಮ್ಮ ಅಂಕಿ ಬಂದಮೇಲೆ ಲಸಿಕೆ ಹಾಕಿಸ್ಕೊಂಡವರನ್ನೆಲ್ಲ ಕರೆಸಿ ಬಿಪಿ ನೋಡಿದ್ರು. ನೋಡಿದ್ದು ಒಳ್ಳೇದಾಯ್ತು. ಈಗ ಎಲ್ಲಾ ಕಡೆ ನಿಯಮ ಬದಲಾಯಿಸಿದಾರೆ, ವಾರಕ್ಕೊಂದು ಸಲ ನರ್ಸ್ ಮನೆಗೇ ಬಂದು ಬಿಪಿ ನೋಡ್ತಾರೆ.”

“ನಮ್ಮನೆಗೂ ಬತ್ತಾರಾ?”

“ಬರ್ತಾರೆ.”

ಫೋನ್ ಇಟ್ಟ ಮೇಲೆ ಅವಳು ರಸ್ತೆಯ ಕಡೆ ನೋಡುತ್ತಾ ಕೂತಳು. ಎಲ್ಲೋ ಯಾವುದೋ ಊರಲ್ಲಿ, ತನ್ನ ಹಾಗೆಯೇ ಹೆದರಿಕೊಂಡು ಕೂತಿದ್ದ ಇನ್ಯಾರನ್ನೋ ನೆನೆಯುತ್ತಿದ್ದಾಳೆ ಎಂದು ಗವಿಸಿದ್ದಯ್ಯನಿಗೆ ಅನ್ನಿಸಿತು. ಅವಳು ಅವನ ಮೊಣಕೈ ಮೇಲಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದಳು.

“ನಾನು ಬೈದಿದ್ದು ಮನಸಿಗೆ ಹಾಕ್ಕೋಬೇಡಿ.”

“ನೀನೆಲ್ಲಿ ಬೈದೆ? ಬೈದಿದ್ರೆ ಹಗುರಾಗಿರ್ತಿತ್ತು.”

ಬಿಪಿ ಹತೋಟಿಗೆ ಬಂದ ಮೇಲೆ ಮೂರನೇ ಲಸಿಕೆ ಹಾಕಿದರು, ಆಮೇಲೆ ನಾಲ್ಕನೆಯದು. ಅದಾಗಿ ಎರಡು ವಾರಕ್ಕೆ ಸ್ಕ್ಯಾನ್ ಮಾಡಿದರು. ಫಲಿತಾಂಶ ಕೇಳಲು ಹೋದ ದಿನ ಗವಿಸಿದ್ದಯ್ಯ ಬೆಳಗ್ಗೆ ಒಂದು ತುತ್ತೂ ಇಳಿಸಲಾಗದೆ ಹೊರಟಿದ್ದ.

ಡಾಕ್ಟರ್ ಉದಯಶಂಕರ್ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. “ದೊಡ್ಡ ಚುಕ್ಕೆ ಇದ್ದ ಹಾಗೇ ಇದೆ. ಇದು ಹದಿನಾಲ್ಕು ಮಿಲಿಮೀಟರ್ ಇತ್ತು, ಈಗ ಒಂಬತ್ತು. ಮೂರನೆಯದು ಬೆಳೆದಿಲ್ಲ. ಹೊಸದು ಯಾವುದೂ ಬಂದಿಲ್ಲ.”

“ಅಂದ್ರೆ ಲಸಿಕೆ ಕೆಲಸ ಮಾಡ್ತಾ ಐತೆ?” ಎಂದು ಗವಿಸಿದ್ದಯ್ಯ ಕುರ್ಚಿಯ ತುದಿಗೆ ಬಂದ.

“ಒಬ್ಬರ ಸ್ಕ್ಯಾನ್ ನೋಡಿ ಹಾಗೆ ಹೇಳೋಕಾಗಲ್ಲ ಸಿದ್ದಯ್ಯನವರೇ. ಎಷ್ಟು ದಿನ ಹೀಗೇ ಇರುತ್ತೋ ಅದೂ ಗೊತ್ತಿಲ್ಲ. ಆದ್ರೆ ಇವತ್ತಿಗೆ ಕಾಯಿಲೆ ಮುಂದೆ ಹೋಗಿಲ್ಲ. ಕಿಡ್ನಿನೂ ಚೆನ್ನಾಗಿದೆ.”

ಉಮಾಮಹೇಶ್ವರಿ ಕೈಮುಗಿದು “ಇವತ್ತಿಗೆ ಅಷ್ಟು ಸಾಕು ಡಾಕ್ಟ್ರೇ” ಎಂದಳು. ಹೊರಗೆ ಮೆಹ್ರೀನ್ ಅವಳನ್ನು ಅಪ್ಪಿಕೊಂಡಳು. ಅಮೂಲ್ಯಳಿಗೆ ಫೋನ್ ಮಾಡಿ ಹೇಳುವಾಗ ಗವಿಸಿದ್ದಯ್ಯನಿಗೆ ಒಂಬತ್ತು, ಹದಿನಾಲ್ಕು ಎಲ್ಲ ಅದಲು ಬದಲಾಯಿತು. ಮಗಳು ಗಾಬರಿಯಾದಳು. ಉಮಾಮಹೇಶ್ವರಿ ಫೋನ್ ಕಿತ್ತುಕೊಂಡು ಸರಿಯಾಗಿ ಹೇಳಬೇಕಾಯಿತು.

ಹಿಂದಿರುಗುವಾಗ ಕುಣಿಗಲ್ ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಮಾಗಡಿ ಬರುವುದರೊಳಗೆ ಅವನಿಗೆ ಕಣ್ಣು ಹತ್ತಿತು. ಎಷ್ಟೋ ತಿಂಗಳಿಂದ ಸರಿಯಾಗಿ ಮಲಗಿರದ ಮನುಷ್ಯ ಹೆಂಡತಿಯ ಹೆಗಲ ಮೇಲೆ ತಲೆ ಇಟ್ಟು, ಬಾಯಿ ತೆರೆದು ಗೊರಕೆ ಹೊಡೆದ. ಎಚ್ಚರವಾದಾಗ ಹೊರಗೆ ಗುರುತಿಲ್ಲದ ತೆಂಗಿನ ತೋಟ ಹಿಂದಕ್ಕೆ ಓಡುತ್ತಿತ್ತು.

“ಏ, ತಿಪ್ಪಸಂದ್ರ?”

“ಹೋಯ್ತು, ಆಗಲೇ.”

“ಎಬ್ಬಿಸ್ಬಾರ್ದಾ?”

“ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಎಷ್ಟು ಚೆನ್ನಾಗಿ ಮಲಗಿದ್ರಿ.”

ಕಂಡಕ್ಟರ್ ಗೊಣಗುತ್ತಲೇ ಸೀಟಿ ಊದಿ ಮುಂದಿನ ಊರಿನಲ್ಲಿ ಅವರನ್ನು ಇಳಿಸಿದ. ಸಂಜೆಯ ಬಿಸಿಲು ಇನ್ನೂ ಬೆಚ್ಚಗಿತ್ತು. ರಸ್ತೆ ಬದಿಯ ಅರಳಿಕಟ್ಟೆಯ ಮೇಲೆ ಕೂತರು. ಎದುರು ತಳ್ಳುಗಾಡಿಯಲ್ಲಿ ಸೀಬೆಹಣ್ಣು ಮಾರುತ್ತಿದ್ದರು. ಅವಳು ಎರಡು ಕೊಂಡು, ತನ್ನದಕ್ಕೆ ಉಪ್ಪುಖಾರ ಬೇಡ ಎಂದು ಹೇಳಿ, ಅವನದಕ್ಕೆ ಹಾಕಿಸಿದಳು. ಅವನಿಗೆ ಬೆಳಗ್ಗಿನಿಂದ ಮೊದಲ ಸಲ ಹಸಿವಾಯಿತು. ಅವಳದರಲ್ಲೂ ಅರ್ಧ ತಿಂದ.

ಊರ ಕಡೆಯ ಬಸ್ಸು ಬಂತು. ಬಾಗಿಲಿನವರೆಗೂ ಜನ ತುಂಬಿದ್ದರು. ಗವಿಸಿದ್ದಯ್ಯ ಚೀಲ ಎತ್ತಿಕೊಂಡು ಎದ್ದು ನಿಂತ.

“ಕೂತ್ಕೊಳ್ರಿ” ಎಂದು ಅವಳು ಅವನ ಅಂಗಿ ಹಿಡಿದು ಎಳೆದಳು. “ಹಿಂದೆ ಬರೋ ಬಸ್ಸಿಗೆ ಹೋದ್ರಾಯ್ತು.”

ಅವನು ಕೂತ.